ಹದಿಹರೆಯದ ಹುಡುಗಿಯರಲ್ಲಿ ಥೈರಾಯ್ಡ್ ತೊಂದರೆ ಮತ್ತು ಮುಟ್ಟಿನ ಏರುಪೇರು

ಹದಿಹರೆಯದಲ್ಲಿ ಮುಟ್ಟು ಹಿಂದುಮುಂದಾಗುವುದಕ್ಕೆ, ಅತಿಯಾಗಿ ಹೋಗುವುದಕ್ಕೆ ಅಥವಾ ತಿಂಗಳುಗಟ್ಟಲೆ ನಿಂತುಬಿಡುವುದಕ್ಕೆ ಹಲವು ಕಾರಣಗಳಿವೆ. ಥೈರಾಯ್ಡ್ ಗ್ರಂಥಿಯ ತೊಂದರೆ ಅವುಗಳಲ್ಲೊಂದು. ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಇದು ಗೊತ್ತಾಗುತ್ತದೆ. ಹೆಚ್ಚಿನವರಲ್ಲಿ ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಆದರೂ ಇದು ಎರಡು ರೀತಿಯಲ್ಲಿ ಕಣ್ತಪ್ಪುತ್ತದೆ. ‘ಮೊದಮೊದಲು ಹಾಗೇ, ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತೆ’ ಎಂದು ಮನೆಯವರು ಸುಮ್ಮನಾಗುವುದು ಒಂದು ರೀತಿ. ಒಂದೆರಡು ತಿಂಗಳ ವ್ಯತ್ಯಾಸಕ್ಕೇ ಗಾಬರಿಬಿದ್ದು ಸ್ಕ್ಯಾನ್ ಮಾಡಿಸಿ, ಹುಡುಗಿಗೆ ‘ಪಿಸಿಒಡಿ’ ಎಂಬ ಹಣೆಪಟ್ಟಿ ಕಟ್ಟುವುದು ಇನ್ನೊಂದು. ಬೆಳೆಯುವ ವಯಸ್ಸಿನಲ್ಲಿ ಎಷ್ಟರವರೆಗಿನ ಏರುಪೇರು ಸಹಜ, ಎಲ್ಲಿಂದಾಚೆಗೆ ಪರೀಕ್ಷೆ ಬೇಕು ಎಂಬುದನ್ನು ವೈದ್ಯಶಾಸ್ತ್ರ ಇಂದು ಸಾಕಷ್ಟು ಸ್ಪಷ್ಟವಾಗಿ ಹೇಳುತ್ತದೆ. ಅದು ತಿಳಿದಿದ್ದರೆ ಅನಗತ್ಯ ಭಯವೂ ಇರದು, ಅಪಾಯಕರ ಉದಾಸೀನವೂ ಇರದು.

ಗ್ರಂಥಿ ಮತ್ತು ಅದರ ಹಾರ್ಮೋನುಗಳು

ಥೈರಾಯ್ಡ್ ಕತ್ತಿನ ಮುಂಭಾಗದಲ್ಲಿ, ಗಂಟಲಗುಬ್ಬಿಯ ಕೆಳಗೆ, ಶ್ವಾಸನಾಳವನ್ನು ತಬ್ಬಿಕೊಂಡಂತಿರುವ ಚಿಟ್ಟೆಯಾಕಾರದ ಗ್ರಂಥಿ. ವಯಸ್ಕರಲ್ಲಿ ಇದರ ತೂಕ ಸುಮಾರು 15ರಿಂದ 25 ಗ್ರಾಂ. ಇದು ಮುಖ್ಯವಾಗಿ ಎರಡು ಹಾರ್ಮೋನುಗಳನ್ನು ಸ್ರವಿಸುತ್ತದೆ: ನಾಲ್ಕು ಅಯೋಡಿನ್ ಪರಮಾಣುಗಳಿರುವ ಥೈರಾಕ್ಸಿನ್ ಅಥವಾ ಟಿ4 ಮತ್ತು ಮೂರು ಅಯೋಡಿನ್ ಪರಮಾಣುಗಳಿರುವ ಟಿ3. ಗ್ರಂಥಿಯಿಂದ ಹೊರಬೀಳುವುದರಲ್ಲಿ ಟಿ4ದೇ ದೊಡ್ಡ ಪಾಲು. ಅಂಗಾಂಶಗಳಲ್ಲಿ ಅದು ಟಿ3 ಆಗಿ ಬದಲಾಗಿ ಕೆಲಸ ಮಾಡುತ್ತದೆ. ದೇಹದ ಶಾಖ, ಹೃದಯದ ಬಡಿತ, ಜೀರ್ಣಕ್ರಿಯೆ, ಮೂಳೆಯ ಬೆಳವಣಿಗೆ, ಮಿದುಳಿನ ಚುರುಕು ಎಲ್ಲಕ್ಕೂ ಈ ಹಾರ್ಮೋನುಗಳು ಬೇಕು.

ಥೈರಾಯ್ಡಿನ ಲಗಾಮು ಮಿದುಳಿನ ಕೈಯಲ್ಲಿದೆ. ಹೈಪೊಥಲಮಸ್ ಎಂಬ ಭಾಗ ಟಿಆರ್‌ಎಚ್ ಎಂಬ ಹಾರ್ಮೋನನ್ನು ಕಳಿಸುತ್ತದೆ. ಅದರಿಂದ ಪ್ರಚೋದನೆಗೊಂಡ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಸ್ರವಿಸುತ್ತದೆ. ಟಿಎಸ್‌ಎಚ್ ಥೈರಾಯ್ಡನ್ನು ದುಡಿಸುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಟಿಎಸ್‌ಎಚ್ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಟಿಎಸ್‌ಎಚ್ ಹೆಚ್ಚಿದೆ ಎಂದರೆ ಥೈರಾಯ್ಡ್ ಸೋತಿದೆ ಎಂದೇ ಸಾಮಾನ್ಯವಾಗಿ ಅರ್ಥ. ಮೊದಲ ಸಲ ವರದಿ ನೋಡುವವರು ಇದನ್ನು ತಿರುವುಮುರುವಾಗಿ ಓದಿಕೊಳ್ಳುವುದುಂಟು.

ಹರೆಯದಲ್ಲಿ ಸಹಜ ಋತುಚಕ್ರ

ಹೆಚ್ಚಿನ ಹುಡುಗಿಯರು 12–13ನೇ ವಯಸ್ಸಿನಲ್ಲಿ ಮೈನೆರೆಯುತ್ತಾರೆ. ಕೆಲವರಲ್ಲಿ ಇದು 10ಕ್ಕೇ ಆಗಬಹುದು, ಕೆಲವರಲ್ಲಿ 15ರ ಹತ್ತಿರಕ್ಕೆ ಹೋಗಬಹುದು. ಸ್ತನಗಳು ಮೂಡತೊಡಗಿದ ಎರಡು–ಮೂರು ವರ್ಷಗಳಲ್ಲಿ ಮೊದಲ ಮುಟ್ಟು ಬರುತ್ತದೆ.

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗಿನ ಅವಧಿ ಒಂದು ಋತುಚಕ್ರ. ‘28 ದಿನ’ ಎಂಬುದು ಸರಾಸರಿ ಮಾತ್ರ, ಅದೇ ನಿಯಮವಲ್ಲ. ಮೊದಲ ಒಂದೆರಡು ವರ್ಷ ಮಿದುಳು ಮತ್ತು ಅಂಡಾಶಯಗಳ ನಡುವಣ ಹೊಂದಾಣಿಕೆ ಇನ್ನೂ ಪಕ್ವವಾಗಿರುವುದಿಲ್ಲ. ಅನೇಕ ಚಕ್ರಗಳಲ್ಲಿ ಅಂಡ ಬಿಡುಗಡೆಯಾಗುವುದೇ ಇಲ್ಲ. ಅಂಡ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟರಾನ್ ಹಾರ್ಮೋನು ತಯಾರಾಗದು. ಈಸ್ಟ್ರೋಜನ್ ಒಂದೇ ಗರ್ಭಕೋಶದ ಒಳಪದರವನ್ನು ಬೆಳೆಸುತ್ತ ಹೋಗುತ್ತದೆ. ಆ ಪದರ ಯಾವಾಗಲೋ ಅನಿಯತವಾಗಿ ಕಳಚಿಬೀಳುತ್ತದೆ. ಈ ಕಾರಣದಿಂದ ಮೈನೆರೆದ ಮೊದಲ ವರ್ಷ ಚಕ್ರದ ಅಳತೆ ಏರುಪೇರಾಗುವುದು ಸಹಜ. ಒಂದರಿಂದ ಮೂರು ವರ್ಷಗಳ ನಡುವೆ 21ರಿಂದ 45 ದಿನಗಳ ಚಕ್ರ, ಮೂರು ವರ್ಷ ಕಳೆದ ಮೇಲೆ 21ರಿಂದ 35 ದಿನಗಳ ಚಕ್ರ ಸಹಜವೆನಿಸುತ್ತದೆ. ಸ್ರಾವ ಏಳು ದಿನ ಮೀರಬಾರದು.

ಕೆಳಗಿನ ಸಂದರ್ಭಗಳಲ್ಲಿ ವೈದ್ಯರನ್ನು ಕಾಣಬೇಕು:

– 13 ವರ್ಷವಾದರೂ ಸ್ತನಗಳ ಬೆಳವಣಿಗೆ ಆರಂಭವಾಗದಿದ್ದರೆ;
– 15 ವರ್ಷವಾದರೂ, ಅಥವಾ ಸ್ತನಗಳು ಮೂಡಿ ಮೂರು ವರ್ಷ ಕಳೆದರೂ, ಮುಟ್ಟಾಗದಿದ್ದರೆ;
– ಮುಟ್ಟು ಶುರುವಾದ ಬಳಿಕ ಒಮ್ಮೆಯಾದರೂ 90 ದಿನಗಳಿಗಿಂತ ಹೆಚ್ಚು ಅಂತರ ಬಿದ್ದರೆ;
– ಪದೇ ಪದೇ 21 ದಿನಗಳೊಳಗೆ ಮುಟ್ಟು ಬಂದರೆ;
– ಸ್ರಾವ ಏಳು ದಿನ ಮೀರಿದರೆ, ಅಥವಾ ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದಷ್ಟು ರಕ್ತ ಹೋದರೆ.

ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು ಹದಿಹರೆಯದವರ ಋತುಚಕ್ರವನ್ನು ನಾಡಿ, ರಕ್ತದೊತ್ತಡಗಳಂತೆ ಆರೋಗ್ಯದ ಮೂಲಸೂಚಕವೆಂದೇ ಪರಿಗಣಿಸಬೇಕೆಂದು ಸಲಹೆ ಮಾಡಿದೆ. ಮುಟ್ಟಿನ ಏರುಪೇರನ್ನು ಗರ್ಭಕೋಶವೊಂದರ ವಿಷಯವೆಂದುಕೊಳ್ಳದೆ ಇಡೀ ದೇಹದ ಸ್ಥಿತಿಯ ಸುಳುಹಾಗಿ ಓದುವ ದೃಷ್ಟಿ ಇದು. ಥೈರಾಯ್ಡ್ ತೊಂದರೆಗೆ ಈ ದೃಷ್ಟಿ ಚೆನ್ನಾಗಿ ಒಪ್ಪುತ್ತದೆ.

ಥೈರಾಯ್ಡಿಗೂ ಮುಟ್ಟಿಗೂ ಇರುವ ನಂಟು

ಅಂಡಾಶಯಗಳನ್ನು ನಡೆಸುವುದೂ ಹೈಪೊಥಲಮಸ್ ಮತ್ತು ಪಿಟ್ಯುಟರಿ ಗ್ರಂಥಿಗಳೇ. ಒಂದೇ ಕೇಂದ್ರದಿಂದ ಎರಡೂ ವ್ಯವಸ್ಥೆಗಳ ಆಡಳಿತ ನಡೆಯುವುದರಿಂದ ಒಂದರ ಏರುಪೇರು ಇನ್ನೊಂದನ್ನು ತಟ್ಟುತ್ತದೆ. ಇದು ಮುಖ್ಯವಾಗಿ ಮೂರು ದಾರಿಗಳಲ್ಲಿ ನಡೆಯುತ್ತದೆ.

ಥೈರಾಯ್ಡ್ ಹಾರ್ಮೋನು ಕೊರತೆಯಾದಾಗ ಟಿಆರ್‌ಎಚ್ ಹೆಚ್ಚುತ್ತದೆ. ಅದು ಟಿಎಸ್‌ಎಚ್ ಜೊತೆಗೆ ಎದೆಹಾಲಿಗೆ ಕಾರಣವಾಗುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನೂ ಏರಿಸಬಲ್ಲದು. ಪ್ರೊಲ್ಯಾಕ್ಟಿನ್ ಏರಿದಾಗ ಅಂಡಾಶಯಕ್ಕೆ ಹೋಗುವ ಸಂಕೇತಗಳು ಕುಂದುತ್ತವೆ, ಅಂಡ ಬಿಡುಗಡೆ ತಪ್ಪುತ್ತದೆ, ಮುಟ್ಟು ದೂರ ಸರಿಯುತ್ತದೆ. ಕೆಲವು ಹುಡುಗಿಯರಲ್ಲಿ ಮೊಲೆತೊಟ್ಟಿನಿಂದ ಹಾಲಿನಂಥ ದ್ರವವೂ ಜಿನುಗಬಹುದು. ಎರಡನೆಯದಾಗಿ, ಲೈಂಗಿಕ ಹಾರ್ಮೋನುಗಳನ್ನು ರಕ್ತದಲ್ಲಿ ಹೊತ್ತೊಯ್ಯುವ ಪ್ರೋಟೀನಿನ ಪ್ರಮಾಣ ಥೈರಾಯ್ಡ್ ಹಾರ್ಮೋನಿನೊಂದಿಗೆ ಏರಿಳಿಯುತ್ತದೆ: ಹಾರ್ಮೋನು ಕಡಿಮೆಯಾದರೆ ಆ ಪ್ರೋಟೀನೂ ಕಡಿಮೆ, ಹೆಚ್ಚಾದರೆ ಅದೂ ಹೆಚ್ಚು. ಇದರಿಂದ ಈಸ್ಟ್ರೋಜನ್ ಮತ್ತು ಆಂಡ್ರೋಜನ್‌ಗಳ ಸಮತೋಲ ಕದಡುತ್ತದೆ. ಮೂರನೆಯದಾಗಿ, ಹಾರ್ಮೋನು ಕೊರತೆ ತೀವ್ರವಾದಾಗ ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳೂ ಕುಗ್ಗುತ್ತವೆ; ಬಂದ ಮುಟ್ಟು ನಿಲ್ಲದೆ ಹರಿಯುವುದಕ್ಕೆ ಇದೂ ಒಂದು ಕಾರಣ.

ಈ ನಂಟನ್ನು ಅಳೆದ ಅಧ್ಯಯನಗಳಲ್ಲಿ ಗ್ರೀಸಿನ ಕ್ರಾಸಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ್ದು ಹೆಸರಾದುದು. ಹಾರ್ಮೋನು ಕೊರತೆಯಿದ್ದ 171 ಮಹಿಳೆಯರಲ್ಲಿ ಶೇ. 23.4ರಷ್ಟು ಮಂದಿಗೆ ಮುಟ್ಟಿನ ಏರುಪೇರಿತ್ತು. ಆರೋಗ್ಯವಂತ ಮಹಿಳೆಯರಲ್ಲಿ ಈ ಪ್ರಮಾಣ ಶೇ. 8.4. ಅಪಾಯ ಹೆಚ್ಚು ಕಡಿಮೆ ಮೂರು ಪಟ್ಟಾಯಿತು. ಆದರೆ ಇದೇ ಅಂಕಿ ಇನ್ನೊಂದನ್ನೂ ಹೇಳುತ್ತದೆ: ಥೈರಾಯ್ಡ್ ತೊಂದರೆಯಿದ್ದ ಮುಕ್ಕಾಲು ಪಾಲು ಮಹಿಳೆಯರಲ್ಲಿ ಮುಟ್ಟು ಸರಿಯಾಗಿಯೇ ಇತ್ತು. ಮುಟ್ಟು ಸರಿಯಿದೆ ಎಂಬ ಒಂದೇ ಕಾರಣಕ್ಕೆ ಬೇರೆ ಲಕ್ಷಣಗಳನ್ನು ಕಡೆಗಣಿಸುವಂತಿಲ್ಲ.

ಹಾರ್ಮೋನು ಕೊರತೆ

ಹದಿಹರೆಯದಲ್ಲಿ ಹೆಚ್ಚಾಗಿ ಕಾಣುವುದು ಹೈಪೋಥೈರಾಯ್ಡಿಸಮ್, ಅಂದರೆ ಹಾರ್ಮೋನಿನ ಕೊರತೆ. ಆಹಾರದಲ್ಲಿ ಅಯೋಡಿನ್ ಸಾಕಷ್ಟಿರುವ ಕಡೆ ಇದರ ಮುಖ್ಯ ಕಾರಣ ಹಶಿಮೊಟೊ ರೋಗ. ದೇಹದ ರಕ್ಷಣಾ ವ್ಯವಸ್ಥೆ ಸ್ವಂತ ಥೈರಾಯ್ಡನ್ನೇ ಪರಕೀಯವೆಂದು ತಿಳಿದು ನಿಧಾನವಾಗಿ ಹಾಳುಮಾಡುವ ಸ್ಥಿತಿ ಇದು. ಜಪಾನಿನ ವೈದ್ಯ ಹಕಾರು ಹಶಿಮೊಟೊ ನಾಲ್ವರು ಮಹಿಳೆಯರ ಗ್ರಂಥಿಗಳನ್ನು ಪರೀಕ್ಷಿಸಿ 1912ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಇದನ್ನು ವರ್ಣಿಸಿದ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಇದು ಹಲವು ಪಟ್ಟು ಹೆಚ್ಚು, ಮತ್ತು ಕುಟುಂಬಗಳಲ್ಲಿ ಹರಿದುಬರುತ್ತದೆ. ತಾಯಿಗೋ ಅಜ್ಜಿಗೋ ಚಿಕ್ಕಮ್ಮನಿಗೋ ಥೈರಾಯ್ಡ್ ಇದ್ದರೆ ಹುಡುಗಿಯ ಮೇಲೆ ಗಮನವಿಡಬೇಕು. ಒಂದನೇ ಬಗೆಯ ಮಧುಮೇಹ, ಸೀಲಿಯಾಕ್ ಕಾಯಿಲೆ, ಟರ್ನರ್ ಸಿಂಡ್ರೋಮ್, ಡೌನ್ ಸಿಂಡ್ರೋಮ್ ಇರುವವರಲ್ಲಿಯೂ ಇದರ ಸಾಧ್ಯತೆ ಹೆಚ್ಚು.

ಲಕ್ಷಣಗಳು ಸದ್ದಿಲ್ಲದೆ ಬರುತ್ತವೆ. ಎತ್ತರ ಬೆಳೆಯುವುದು ನಿಧಾನವಾಗುವುದು ಮಕ್ಕಳಲ್ಲಿ ಎಲ್ಲಕ್ಕಿಂತ ಮೊದಲ ಸೂಚನೆಯಾಗಿರಬಹುದು. ಎರಡು ವರ್ಷದ ಹಿಂದಿನ ಲಂಗ ಇನ್ನೂ ಸರಿಯಾಗಿ ಹೊಂದುತ್ತಿದ್ದರೆ ಅದು ಮೆಚ್ಚುವ ಸಂಗತಿಯಲ್ಲ. ಇದರೊಂದಿಗೆ ಸುಸ್ತು, ಹಗಲಿನಲ್ಲೂ ನಿದ್ದೆ, ಚಳಿ ತಡೆಯದಿರುವುದು, ಮಲಬದ್ಧತೆ, ಒಣಚರ್ಮ, ಕೂದಲು ಉದುರುವುದು, ಮುಖ ಊದಿದಂತಿರುವುದು, ಸ್ವಲ್ಪ ಮಟ್ಟಿಗೆ ತೂಕ ಏರುವುದು, ಕತ್ತಿನ ಮುಂಭಾಗ ಉಬ್ಬುವುದು ಕಾಣಿಸಬಹುದು. ಮುಟ್ಟು ತಡವಾಗಿ ಬರಬಹುದು, ಬಂದಾಗ ಅತಿಯಾಗಿ ಹೋಗಬಹುದು. ಓದಿನಲ್ಲಿ ಹಿಂದೆ ಬಿದ್ದ ಹುಡುಗಿಯನ್ನು ‘ಸೋಮಾರಿ’ ಎಂದು ಬೈಯುವ ಮುನ್ನ ಈ ಪಟ್ಟಿಯನ್ನೊಮ್ಮೆ ನೆನೆಯುವುದು ನ್ಯಾಯ.

ಸಾಮಾನ್ಯವಾಗಿ ಹಾರ್ಮೋನು ಕೊರತೆ ಮೈನೆರೆಯುವುದನ್ನು ತಡಮಾಡುತ್ತದೆ. ಅಪರೂಪಕ್ಕೆ ಇದರ ತದ್ವಿರುದ್ಧವೂ ಆಗುತ್ತದೆ: ಬಹುಕಾಲ ಚಿಕಿತ್ಸೆಯಿಲ್ಲದೆ ಉಳಿದ ತೀವ್ರ ಕೊರತೆಯಲ್ಲಿ ಚಿಕ್ಕ ಹುಡುಗಿಗೆ ಅಕಾಲದಲ್ಲಿ ಮುಟ್ಟು ಬರುತ್ತದೆ, ಅಂಡಾಶಯಗಳಲ್ಲಿ ದೊಡ್ಡ ನೀರುಗುಳ್ಳೆಗಳು ಕಾಣುತ್ತವೆ, ಆದರೆ ಮೂಳೆಯ ಬೆಳವಣಿಗೆ ಮಾತ್ರ ವಯಸ್ಸಿಗಿಂತ ಹಿಂದಿರುತ್ತದೆ. ವಾನ್ ವಿಕ್ ಮತ್ತು ಗ್ರಂಬಾಕ್ 1960ರಲ್ಲಿ ಇದನ್ನು ವರ್ಣಿಸಿದರು. ಥೈರಾಕ್ಸಿನ್ ಕೊಟ್ಟರೆ ಈ ಗುಳ್ಳೆಗಳು ತಾವಾಗಿ ಕರಗುತ್ತವೆ. ಟಿಎಸ್‌ಎಚ್ ನೋಡದೆ ಶಸ್ತ್ರಚಿಕಿತ್ಸೆಗೆ ಮುಂದಾದರೆ ಹುಡುಗಿ ವೃಥಾ ಅಂಡಾಶಯ ಕಳೆದುಕೊಳ್ಳುವ ಅಪಾಯವಿದೆ.

ಹಾರ್ಮೋನು ಅತಿಯಾದಾಗ

ಹೈಪರ್‌ಥೈರಾಯ್ಡಿಸಮ್ ಅಷ್ಟು ಸಾಮಾನ್ಯವಲ್ಲ. ಹದಿಹರೆಯದಲ್ಲಿ ಇದರ ಮುಖ್ಯ ಕಾರಣ ಗ್ರೇವ್ಸ್ ರೋಗ; ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ಇದನ್ನು ವರ್ಣಿಸಿದ. ಇಲ್ಲಿಯೂ ರಕ್ಷಣಾ ವ್ಯವಸ್ಥೆಯದೇ ತಪ್ಪು. ಆದರೆ ಪ್ರತಿಕಾಯಗಳು ಗ್ರಂಥಿಯನ್ನು ಕೊಲ್ಲುವ ಬದಲು ಬಿಡುವಿಲ್ಲದೆ ದುಡಿಸುತ್ತವೆ. ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಎದೆ ಡವಗುಟ್ಟುವುದು, ಕೈ ನಡುಗುವುದು, ಬೆವರುವುದು, ನಿದ್ದೆ ಬಾರದಿರುವುದು, ಸಿಡುಕು, ಕಣ್ಣುಗುಡ್ಡೆ ಮುಂದೆ ಬಂದಂತೆ ಕಾಣುವುದು ಇದರ ಲಕ್ಷಣಗಳು. ಅಕ್ಷರ ಕೆಡುವುದು, ತರಗತಿಯಲ್ಲಿ ಒಂದೆಡೆ ಕೂರಲಾಗದಿರುವುದನ್ನು ಶಿಕ್ಷಕರೇ ಮೊದಲು ಗುರುತಿಸಬಹುದು. ಮುಟ್ಟು ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಅಂತರ ಹೆಚ್ಚುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ.

ಗಳಗಂಡ ಮತ್ತು ಅಯೋಡಿನ್

ಹರೆಯಕ್ಕೆ ಬರುವಾಗ ಥೈರಾಯ್ಡ್ ಹಾರ್ಮೋನಿನ ಬೇಡಿಕೆ ಏರುತ್ತದೆ. ಆಗ ಅಯೋಡಿನ್ ಸಾಲದಿದ್ದರೆ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತದೆ. ಇದನ್ನು ತಡೆಯಬಹುದೆಂದು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟ ಪ್ರಯೋಗ ನಡೆದದ್ದು ಶಾಲಾ ಹುಡುಗಿಯರ ಮೇಲೆಯೇ. ಡೇವಿಡ್ ಮರೀನ್ ಮತ್ತು ಕಿಂಬಾಲ್ 1917ರಿಂದ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಹುಡುಗಿಯರಿಗೆ ವರ್ಷಕ್ಕೆರಡು ಬಾರಿ ಸೋಡಿಯಂ ಅಯೊಡೈಡ್ ಕೊಟ್ಟರು. ತೆಗೆದುಕೊಂಡ 2,190 ಹುಡುಗಿಯರಲ್ಲಿ ಐವರಿಗೆ ಮಾತ್ರ ಗ್ರಂಥಿ ಊದಿತು. ತೆಗೆದುಕೊಳ್ಳದ 2,305 ಹುಡುಗಿಯರಲ್ಲಿ 495 ಮಂದಿಗೆ ಊದಿತು.

ಭಾರತದಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪಿನ ಪ್ರಯೋಗ ಆರಂಭಿಸಿದರು. ಅಂಥ ಉಪ್ಪು ತಿಂದ ಪ್ರದೇಶಗಳ ಶಾಲಾ ಮಕ್ಕಳಲ್ಲಿ ಗಳಗಂಡ ಗಮನಾರ್ಹವಾಗಿ ಇಳಿಯಿತು. ಆ ಅನುಭವದ ಮೇಲೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂತು. 1992ರಲ್ಲಿ ಅದು ಅಯೋಡಿನ್ ಕೊರತೆಯ ಎಲ್ಲ ರೋಗಗಳನ್ನೂ ಒಳಗೊಳ್ಳುವಂತೆ ಹೆಸರು ಬದಲಿಸಿಕೊಂಡಿತು. ಅಯೋಡಿನ್ ಇಲ್ಲದ ಉಪ್ಪನ್ನು ಅಡುಗೆಗೆಂದು ಮಾರುವುದಕ್ಕೆ ಇದ್ದ ನಿಷೇಧ 2000ದಲ್ಲಿ ತೆರವಾಗಿ, 2006ರಲ್ಲಿ ಮತ್ತೆ ಜಾರಿಯಾಯಿತು. ಗಳಗಂಡ ಹಿಮಾಲಯದ ತಪ್ಪಲಿಗೆ ಮಾತ್ರ ಸೀಮಿತವಲ್ಲ. ಕರ್ನಾಟಕದಲ್ಲಿ ಈ ತೊಂದರೆ ಗುರುತಿಸಲಾದ ಜಿಲ್ಲೆಗಳಲ್ಲಿ ಚಿಕ್ಕಮಗಳೂರು, ಕೊಡಗು ಸೇರಿವೆ.

12 ವರ್ಷ ಮೀರಿದವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಅಯೋಡೀಕರಿಸಿದ ಉಪ್ಪನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಮಿತವಾಗಿ ಬಳಸಿದರೆ ಅದು ದೊರೆಯುತ್ತದೆ. ಉಪ್ಪನ್ನು ಹೆಚ್ಚು ತಿಂದರೆ ಹಶಿಮೊಟೊ ರೋಗ ವಾಸಿಯಾಗುವುದಿಲ್ಲ. ಅಯೋಡಿನ್ ಅತಿಯಾದರೂ ಗ್ರಂಥಿಗೆ ತೊಂದರೆಯೇ.

ರೋಗಪತ್ತೆ

ಪರೀಕ್ಷೆ ಆರಂಭವಾಗುವುದು ಮಾತಿನಿಂದ. ಮೊದಲ ಮುಟ್ಟು ಯಾವಾಗ, ಈಚಿನ ತಾರೀಖುಗಳು ಯಾವುವು, ಎಷ್ಟು ದಿನ, ಎಷ್ಟು ಪ್ಯಾಡ್, ಎತ್ತರ ಮತ್ತು ತೂಕ ಹೇಗೆ ಬದಲಾಗಿವೆ, ಮನೆಯಲ್ಲಿ ಯಾರಿಗೆ ಥೈರಾಯ್ಡ್ ಇದೆ, ಯಾವ ಮಾತ್ರೆ ನುಂಗುತ್ತಿದ್ದಾಳೆ ಎಂಬುದೆಲ್ಲ ವೈದ್ಯರಿಗೆ ಬೇಕು. ಹಬ್ಬ, ಪೂಜೆ, ಮದುವೆಗಳೆಂದು ಮುಟ್ಟು ಮುಂದೂಡಲು ಅಂಗಡಿಯಿಂದ ತಂದು ನುಂಗುವ ಮಾತ್ರೆಯೂ ಹಾರ್ಮೋನೇ. ಅದನ್ನು ಮುಚ್ಚಿಟ್ಟರೆ ಚಕ್ರದ ಲೆಕ್ಕವೇ ತಪ್ಪುತ್ತದೆ. ಹುಡುಗಿಯೊಡನೆ ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾತಾಡಲು ವೈದ್ಯರು ಬಯಸಿದರೆ ತಾಯಿ ಬೇಸರಿಸಬಾರದು. ಕೆಲವು ಮಾತು ಅಮ್ಮನ ಎದುರು ಹೊರಡುವುದಿಲ್ಲ.

ರಕ್ತದಲ್ಲಿ ಟಿಎಸ್‌ಎಚ್ ಮತ್ತು ಫ್ರೀ ಟಿ4 ನೋಡುವುದು ಮೊದಲ ಹೆಜ್ಜೆ. ಟಿಎಸ್‌ಎಚ್ ಹೆಚ್ಚಿ ಟಿ4 ಕಡಿಮೆಯಿದ್ದರೆ ಕೊರತೆ ಖಚಿತ. ಟಿಎಸ್‌ಎಚ್ ತಳಮುಟ್ಟಿ ಟಿ4 ಅಥವಾ ಟಿ3 ಏರಿದ್ದರೆ ಹಾರ್ಮೋನು ಅತಿಯಾಗಿದೆ. ಟಿಪಿಒ ಪ್ರತಿಕಾಯಗಳ ಪರೀಕ್ಷೆ ಹಶಿಮೊಟೊ ರೋಗವನ್ನು ಸೂಚಿಸುತ್ತದೆ. ಆದರೆ ಹಾರ್ಮೋನು ಸರಿಯಿದ್ದು ಪ್ರತಿಕಾಯ ಮಾತ್ರ ಇದ್ದರೆ ಔಷಧ ಬೇಡ, ಆಗಾಗ ತಪಾಸಣೆ ಸಾಕು. ಟಿ4 ಸರಿಯಿದ್ದು ಟಿಎಸ್‌ಎಚ್ ತುಸು ಹೆಚ್ಚಿರುವ ಹುಡುಗಿಯರೂ ಅನೇಕರಿದ್ದಾರೆ. ಬೊಜ್ಜಿನಿಂದಲೂ ಅದು ಸ್ವಲ್ಪ ಏರುತ್ತದೆ. ಇಂಥವರಲ್ಲಿ ಬಹಳಷ್ಟು ಮಂದಿಗೆ ಕೆಲವು ತಿಂಗಳ ನಂತರದ ಮರುಪರೀಕ್ಷೆಯಲ್ಲಿ ಅಂಕಿ ತಾನಾಗಿ ಇಳಿದಿರುತ್ತದೆ. ಒಂದೇ ವರದಿ ನೋಡಿ ಜೀವನಪರ್ಯಂತ ಮಾತ್ರೆ ಹಚ್ಚುವುದು ಸರಿಯಲ್ಲ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು; ಪರೀಕ್ಷೆಗೆ ಮೊದಲೇ ಅದನ್ನು ತಿಳಿಸಬೇಕು.

ಇದರ ಜೊತೆಗೆ ಹಿಮೋಗ್ಲೋಬಿನ್, ಪ್ರೊಲ್ಯಾಕ್ಟಿನ್, ಅಗತ್ಯವಿದ್ದರೆ ಗರ್ಭಪರೀಕ್ಷೆಯನ್ನೂ ಮಾಡುತ್ತಾರೆ. ಮೊದಲ ಮುಟ್ಟಿನಿಂದಲೇ ರಕ್ತ ಅತಿಯಾಗಿ ಹೋಗುತ್ತಿದ್ದರೆ ವಾನ್ ವಿಲಿಬ್ರಾಂಡ್ ಮೊದಲಾದ ಹುಟ್ಟಿನಿಂದ ಬಂದ ರಕ್ತಸ್ರಾವ ರೋಗಗಳನ್ನು ಹುಡುಕಬೇಕು.

ಪಿಸಿಒಎಸ್ ಮತ್ತು ಇತರ ಕಾರಣಗಳು

ಹದಿಹರೆಯದ ಅಂಡಾಶಯಗಳಲ್ಲಿ ಸಣ್ಣ ಸಣ್ಣ ಕೋಶಗಳು ಸಹಜವಾಗಿಯೇ ಹೆಚ್ಚಿರುತ್ತವೆ. ಸ್ಕ್ಯಾನ್‌ನಲ್ಲಿ ಅವು ಕಂಡಾಕ್ಷಣ ಪಿಸಿಒಎಸ್ (ಜನ ‘ಪಿಸಿಒಡಿ’ ಎನ್ನುವ ತೊಂದರೆ) ಎನ್ನುವಂತಿಲ್ಲ. ಮೊದಲ ಮುಟ್ಟಿನಿಂದ ಎಂಟು ವರ್ಷದವರೆಗೆ ರೋಗನಿರ್ಣಯಕ್ಕೆ ಅಲ್ಟ್ರಾಸೌಂಡ್ ಬಳಸಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಈ ವಯಸ್ಸಿನಲ್ಲಿ ಪಿಸಿಒಎಸ್ ಎನ್ನಲು ಎರಡೂ ಬೇಕು: ವಯಸ್ಸಿಗೆ ಸಹಜವಲ್ಲದ ಮುಟ್ಟಿನ ಏರುಪೇರು, ಮತ್ತು ಮುಖ–ಎದೆಯ ಮೇಲೆ ದಟ್ಟ ಕೂದಲಿನಂಥ ಆಂಡ್ರೋಜನ್ ಹೆಚ್ಚಳದ ಗುರುತು ಅಥವಾ ರಕ್ತಪರೀಕ್ಷೆಯ ಪುರಾವೆ. ಅದಕ್ಕೂ ಮೊದಲು ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ತೊಂದರೆಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪಿಸಿಒಎಸ್ ಇರುವವರಲ್ಲಿ ಹಶಿಮೊಟೊ ರೋಗವೂ ಹೆಚ್ಚಾಗಿ ಕಾಣುವುದರಿಂದ ಎರಡೂ ಒಟ್ಟಿಗೇ ಇರಬಹುದು.

ಪರೀಕ್ಷೆಯ ಒತ್ತಡ, ಊಟ ಬಿಟ್ಟು ಸಣ್ಣಗಾಗುವ ಹಟ, ಕಠಿಣ ಕ್ರೀಡಾ ತರಬೇತಿ, ದೀರ್ಘ ಕಾಯಿಲೆ, ಮಾನಸಿಕ ರೋಗಕ್ಕೆ ಕೊಡುವ ಕೆಲವು ಔಷಧಗಳು ಕೂಡ ಮುಟ್ಟನ್ನು ನಿಲ್ಲಿಸಬಲ್ಲವು.

ಚಿಕಿತ್ಸೆ

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಕುರಿಯ ಥೈರಾಯ್ಡಿನ ರಸವನ್ನು ಮಹಿಳೆಯೊಬ್ಬಳಿಗೆ ಚುಚ್ಚಿ ಕೊರತೆಯನ್ನು ನೀಗಿಸಿದ; ಆಕೆ ಮುಂದೆ 28 ವರ್ಷ ಬದುಕಿದಳು. ಥೈರಾಕ್ಸಿನ್ನನ್ನು 1914ರಲ್ಲಿ ಎಡ್ವರ್ಡ್ ಕೆಂಡಾಲ್ ಬೇರ್ಪಡಿಸಿದ, 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಪ್ರಯೋಗಾಲಯದಲ್ಲಿ ತಯಾರಿಸಿದರು. ಇಂದು ಕೊಡುವ ಲಿವೊಥೈರಾಕ್ಸಿನ್ ಮಾತ್ರೆ ಗ್ರಂಥಿ ಸ್ರವಿಸುವ ಹಾರ್ಮೋನಿಗೆ ಸಮನಾದುದೇ. ಸರಿಯಾದ ಪ್ರಮಾಣದಲ್ಲಿ ಅದು ಸಾಮಾನ್ಯವಾಗಿ ಅಡ್ಡಪರಿಣಾಮ ಕೊಡುವುದಿಲ್ಲ.

ಬೆಳಗ್ಗೆ ಎದ್ದು ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಇದನ್ನು ನುಂಗಬೇಕು; ಕಾಫಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಇದನ್ನು ಹೀರಿಕೊಳ್ಳಲು ಬಿಡುವುದಿಲ್ಲವಾದ್ದರಿಂದ ಅವುಗಳ ನಡುವೆ ನಾಲ್ಕು ಗಂಟೆ ಅಂತರ ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಗೂ ಇದು ಅನ್ವಯ. ಚಿಕಿತ್ಸೆ ಶುರುವಾದ ಅಥವಾ ಪ್ರಮಾಣ ಬದಲಿಸಿದ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡುತ್ತಾರೆ. ಅದು ಹದಕ್ಕೆ ಬಂದ ಕೆಲವು ತಿಂಗಳಲ್ಲಿ, ತೊಂದರೆಗೆ ಥೈರಾಯ್ಡೇ ಕಾರಣವಾಗಿದ್ದರೆ, ಮುಟ್ಟೂ ಕ್ರಮಕ್ಕೆ ಬರುತ್ತದೆ. ಬಾರದಿದ್ದರೆ ಬೇರೆ ಕಾರಣ ಹುಡುಕಬೇಕು.

ಗ್ರೇವ್ಸ್ ರೋಗಕ್ಕೆ ಮೆಥಿಮಜೋಲ್ ಅಥವಾ ಕಾರ್ಬಿಮಜೋಲ್ ಮಾತ್ರೆಗಳನ್ನು ಕನಿಷ್ಠ ಒಂದೆರಡು ವರ್ಷ, ಅನೇಕರಲ್ಲಿ ಇನ್ನೂ ಹೆಚ್ಚು ಕಾಲ ಕೊಡಬೇಕಾಗುತ್ತದೆ. ಪ್ರೊಪೈಲ್‌ಥಯೊಯುರಾಸಿಲ್ ಮಕ್ಕಳ ಯಕೃತ್ತಿಗೆ ತೀವ್ರ ಹಾನಿ ಮಾಡಬಹುದಾದ್ದರಿಂದ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಈ ಮಾತ್ರೆಗಳನ್ನು ತೆಗೆದುಕೊಳ್ಳುವಾಗ ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ರಕ್ತಪರೀಕ್ಷೆ ಮಾಡಿಸಬೇಕು. ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯುವ ಸಾಧ್ಯತೆ ಅಪರೂಪಕ್ಕಾದರೂ ಇದೆ. ಔಷಧಕ್ಕೆ ಬಗ್ಗದಿದ್ದರೆ ವಿಕಿರಣಶೀಲ ಅಯೋಡಿನ್ ಅಥವಾ ಶಸ್ತ್ರಚಿಕಿತ್ಸೆಯ ದಾರಿಯಿದೆ.

ಅತಿಸ್ರಾವದಿಂದ ರಕ್ತಹೀನತೆಯಾಗಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15–19 ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಮೊದಲೇ ಬಡವಾಗಿರುವ ರಕ್ತ ತಿಂಗಳು ತಿಂಗಳೂ ಸೋರಿಹೋಗುವುದನ್ನು ಹಗುರಾಗಿ ಕಾಣುವಂತಿಲ್ಲ.

ಆಹಾರ ಮತ್ತು ನಂಬಿಕೆಗಳು

ಎಲೆಕೋಸು, ಹೂಕೋಸು ತಿನ್ನಲೇಬಾರದೆಂಬ ಮಾತು ಪ್ರಚಾರದಲ್ಲಿದೆ. ಹಸಿಯಾಗಿ ವಿಪರೀತ ತಿಂದು, ಅಯೋಡಿನ್ನೂ ಕೊರತೆಯಾಗಿದ್ದರೆ ಮಾತ್ರ ತೊಂದರೆ. ಬೇಯಿಸಿ ತಿನ್ನುವ ಪಲ್ಯ, ಸಾರಿನಿಂದ ಏನೂ ಆಗದು. ಥೈರಾಯ್ಡ್ ಮಾತ್ರೆ ತಿಂದರೆ ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು. ಚಿಕಿತ್ಸೆ ಪಡೆಯದ ಕೊರತೆಯೇ ಗರ್ಭಧಾರಣೆಗೆ ಅಡ್ಡಿ. ಗರ್ಭಿಣಿಯರಲ್ಲಿ ಥೈರಾಕ್ಸಿನ್ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆಯೇ ಹೊರತು ನಿಲ್ಲಿಸುವಂತಿಲ್ಲ. ಗಂಡಿನ ಕಡೆಯವರಿಗೆ ಗೊತ್ತಾದೀತೆಂದು ಮಾತ್ರೆ ಬಿಡಿಸುವುದು ಹುಡುಗಿಗೆ ಮಾಡುವ ನೇರ ಅನ್ಯಾಯ.

ಮನೆ, ಶಾಲೆ, ಆಸ್ಪತ್ರೆ

ಹದಿಹರೆಯದವರಿಗಾಗಿ ಕೇಂದ್ರ ಸರ್ಕಾರ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭಿಸಿತು. ಕರ್ನಾಟಕದಲ್ಲಿ ಅದರಡಿಯ ಸಲಹಾ ಕೇಂದ್ರಗಳಿಗೆ ‘ಸ್ನೇಹ ಕ್ಲಿನಿಕ್’ ಎಂದು ಹೆಸರು; ರಾಜ್ಯದ ‘ಶುಚಿ’ ಯೋಜನೆಯಡಿ ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡ್ ಹಂಚಲಾಗುತ್ತದೆ. ಈ ವ್ಯವಸ್ಥೆ ಫಲಕೊಡಬೇಕಾದರೆ ಮನೆಯಲ್ಲಿ ಮುಟ್ಟಿನ ಬಗ್ಗೆ ಮಾತು ಹೊರಡಬೇಕು. ಹಲವು ಮನೆಗಳಲ್ಲಿ ಆರತಿ ಎತ್ತಿ, ಚಿಗಳಿ ತಿನ್ನಿಸಿ ಮೊದಲ ಮುಟ್ಟನ್ನು ಸಂಭ್ರಮಿಸುತ್ತಾರೆ. ಎರಡನೆಯ ಮುಟ್ಟು ಯಾವಾಗ ಬಂತೆಂದು ಕೇಳುವವರು ಕಡಿಮೆ.

ಮಗಳು ದೊಡ್ಡವಳಾದ ದಿನದಿಂದಲೇ ಕ್ಯಾಲೆಂಡರಿನಲ್ಲಿ ಅವಳಿಂದಲೇ ತಾರೀಖು ಗುರುತು ಹಾಕಿಸಿ. ವರ್ಷಕ್ಕೆರಡು ಬಾರಿ ಎತ್ತರ, ತೂಕ ನೋಡಿ. ಮೂರು ತಿಂಗಳು ಮುಟ್ಟು ಬಾರದಿದ್ದರೆ, ಏಳು ದಿನವಾದರೂ ನಿಲ್ಲದಿದ್ದರೆ, ಕತ್ತು ಉಬ್ಬಿದ್ದರೆ ಮದುವೆಯವರೆಗೆ ಕಾಯಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಟಿಎಸ್‌ಎಚ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.